ಗುಡ್ಡೆ ಮೇಲಿನ ಮನೆಗೆ ಬೆಂಕಿಯ ಕಾವಲು

ಒಂದು ಬೆಂಕಿಕಡ್ಡಿಯನ್ನು ಗೀರಿ, ಉರಿಯುವ ತುದಿ ಮೇಲಿರುವಂತೆ ನೆಟ್ಟಗೆ ಹಿಡಿಯಿರಿ. ಉರಿ ನಿಧಾನವಾಗಿ ಕೆಳಗಿಳಿಯುತ್ತದೆ. ಕೆಲವೊಮ್ಮೆ ಅರ್ಧದಲ್ಲೇ ಆರಿಹೋಗುತ್ತದೆ. ಇನ್ನೊಂದು ಕಡ್ಡಿಯನ್ನು ಉರಿಯುವ ತುದಿ ಕೆಳಗಿರುವಂತೆ ಓರೆಯಾಗಿ ಹಿಡಿದರೆ? ಕಣ್ಣುಮುಚ್ಚಿ ತೆರೆಯುವುದರೊಳಗೆ ಬೆಂಕಿ ಬೆರಳಿಗೆ ಬಂದಿರುತ್ತದೆ! (ಮಕ್ಕಳು ಇದನ್ನು ಹಿರಿಯರ ಎದುರಿಗೇ ಮಾಡಿ ನೋಡಬೇಕು.) ಬಿಸಿಯಾದ ಗಾಳಿ ಹಗುರವಾಗಿ ಮೇಲೇರುತ್ತದೆ, ಏರುವಾಗ ಮೇಲಿನ ಕಡ್ಡಿಯನ್ನು ಮೊದಲೇ ಕಾಯಿಸಿ ಒಣಗಿಸಿಡುತ್ತದೆ.

ಗುಡ್ಡೆಗೆ ಬಿದ್ದ ಬೆಂಕಿಯೂ ಹೀಗೆಯೇ. ಏರಿನ ಓರೆ ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿ ಹತ್ತುವ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಕಾಡ್ಗಿಚ್ಚಿನ ತಜ್ಞರ ಒಂದು ಸ್ಥೂಲ ಲೆಕ್ಕ.

ಮಳೆಯ ಸೀಮೆಗೇಕೆ ಬೆಂಕಿಯ ಭಯ?

‘ಇಂದಿರಾಬಾಯಿ’ (1899) ಕಾದಂಬರಿಯ ಕರ್ತೃ ಗುಲ್ವಾಡಿ ವೆಂಕಟರಾಯರ ಹೆಸರಿನೊಂದಿಗೆ ನಾಡಿಗೆಲ್ಲ ಪರಿಚಿತವಾದ ಊರು ಕುಂದಾಪುರ ತಾಲೂಕಿನ ಗುಲ್ವಾಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ ಬೆಂಕಿಯ ಭಯವೇ ಎಂದು ಯಾರಾದರೂ ಕೇಳಬಹುದು. ಆದರೆ ಬೆಂಕಿಗೆ ಉಣಿಸನ್ನು ಬೆಳೆಸಿಕೊಡುವುದು ಆ ಮಳೆಯೇ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಳೆತ್ತರ ಬೆಳೆದ ಹುಲ್ಲು, ಪೊದೆ, ಬಳ್ಳಿಗಳು ಜನವರಿಯ ಹೊತ್ತಿಗೆ ಒಣಗಿ ನಿಲ್ಲುತ್ತವೆ. ಕೆಳಗಿನ ಮುರಕಲ್ಲು ನೀರನ್ನು ಬೇಗನೆ ಇಳಿಸಿಬಿಡುವುದರಿಂದ ಗುಡ್ಡೆಯ ಮೇಲ್ಮೈಯಲ್ಲಿ ತೇವ ಉಳಿಯುವುದಿಲ್ಲ.

ಹಿಂದಿನವರು ಬೈಲಿನ ಅಂಚಿನಲ್ಲಿ, ಗುಡ್ಡೆಯ ಬುಡದಲ್ಲಿ ಮನೆ ಕಟ್ಟುತ್ತಿದ್ದರು. ಹಾಡಿಯ ತರಗೆಲೆ ಹಟ್ಟಿಗೆ ಹೋಗಿ ಗೊಬ್ಬರವಾಗುತ್ತಿತ್ತು; ಒಣಸೌದೆ ಒಲೆಗೆ ಹೋಗುತ್ತಿತ್ತು; ಹುಲ್ಲು ದನಗಳಿಗೆ, ಮಾಡಿನ ಹೊದಿಕೆಗೆ ಆಗುತ್ತಿತ್ತು. ಬೇಸಗೆ ಬರುವಷ್ಟರಲ್ಲಿ ಗುಡ್ಡೆ ತಾನಾಗಿಯೇ ಗುಡಿಸಿದಂತಿರುತ್ತಿತ್ತು. ಇಂದು ಅನೇಕ ಮನೆಗಳಲ್ಲಿ ಹಟ್ಟಿ ಖಾಲಿ, ಅಡುಗೆಗೆ ಗ್ಯಾಸ್. ಮಕ್ಕಳು ಬೆಂಗಳೂರು, ಮುಂಬೈ, ದುಬೈಗಳಲ್ಲಿ. ಮನೆಯಲ್ಲಿ ವಯಸ್ಸಾದ ಇಬ್ಬರು, ಇಲ್ಲವೇ ಬಾಗಿಲಿಗೆ ಬೀಗ. ರಸ್ತೆಗೆ ಹತ್ತಿರವೆಂದು ಹೊಸ ಮನೆಗಳು ಗುಡ್ಡೆಯ ಏರಿನಲ್ಲೇ ಏಳುತ್ತಿವೆ. ಸುತ್ತಲಿನ ಗೇರು, ಅಕೇಶಿಯ ತೋಪುಗಳಲ್ಲಿ ಎಲೆ ಮೊಣಕಾಲುದ್ದ ಬಿದ್ದರೂ ಕೇಳುವವರಿಲ್ಲ. ಸುಡುಮಣ್ಣಿಗೆಂದು ಹಾಕಿದ ಬೆಂಕಿಯ ಒಂದು ಕಿಡಿಯೋ ದಾರಿಹೋಕನ ಬೀಡಿಯ ತುಂಡೋ ಸಾಕು.

ಮನೆ ಸುಡುವುದು ಹೇಗೆ?

ಕಾಡ್ಗಿಚ್ಚು ಅಲೆಯಂತೆ ಬಂದು ಮನೆಯನ್ನು ನುಂಗುತ್ತದೆ ಎಂಬುದು ಸಾಮಾನ್ಯ ಕಲ್ಪನೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ಇದನ್ನು ಪರೀಕ್ಷಿಸಿ ನೋಡಿದರು. 1990ರ ದಶಕದ ಕೊನೆಯಲ್ಲಿ ಕೆನಡಾದ ವಾಯವ್ಯ ಪ್ರಾಂತ್ಯದಲ್ಲಿ ಮರದ ಗೋಡೆಗಳನ್ನು ಕಾಡಿನಿಂದ ಬೇರೆ ಬೇರೆ ದೂರಗಳಲ್ಲಿ ನಿಲ್ಲಿಸಿ, ಕಾಡಿಗೆ ಬೆಂಕಿ ಕೊಡಲಾಯಿತು. 10 ಮೀಟರ್ ದೂರದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. ಆದರೆ 30 ಮೀಟರ್ ದೂರದ ಗೋಡೆಗಳು ಹೊತ್ತಲಿಲ್ಲ! ಉರಿಯ ಶಾಖ ದೂರ ಹೋದಂತೆ ಬೇಗನೆ ಕುಗ್ಗುತ್ತದೆ.

ಹಾಗಾದರೆ ಮನೆಗಳು ಸುಡುವುದೇಕೆ? ಹೆಚ್ಚಿನ ಸಂದರ್ಭಗಳಲ್ಲಿ ಗಾಳಿಗೆ ಹಾರಿಬರುವ ಕಿಡಿಗಳಿಂದ. ನಮ್ಮ ಹಂಚು, ಮುರಕಲ್ಲಿನ ಗೋಡೆ ಉರಿಯುವುದಿಲ್ಲ, ನಿಜ. ಆದರೆ ಹಂಚಿನ ಸಂದಿಯಲ್ಲಿ ತುಂಬಿದ ತರಗೆಲೆ, ಅದರಡಿಯ ಮರದ ರೀಪು, ಗೋಡೆಗೆ ಒರಗಿಸಿದ ಸೌದೆ, ಒಣಮಡಲು, ಅಂಗಳದ ಹುಲ್ಲಿನ ಕುತ್ರಿ, ಇವು ಕಿಡಿಗೆ ಹಾಸಿಗೆ ಹಾಸಿಕೊಟ್ಟಂತೆ. ಬೆಂಕಿ ದಾಟಿ ಹೋಗಿ ಒಂದೆರಡು ಗಂಟೆ ಕಳೆದ ಮೇಲೂ ಅಲ್ಲಿ ಹೊಗೆಯಾಡುವ ಕಿಡಿ ಮನೆಯನ್ನು ಸುಡಬಲ್ಲದು.

ಯಾರನ್ನು ಕರೆಯುವುದು?

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ವಿಮಾ ಕಂಪೆನಿಗಳೂ ಸಿರಿವಂತರೂ ಖಾಸಗಿ ಅಗ್ನಿಶಾಮಕ ತಂಡಗಳನ್ನು ಗೊತ್ತುಮಾಡಿಕೊಳ್ಳುತ್ತಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ಸುಟ್ಟಾಗ ಅಂತಹ ತಂಡಗಳೂ ಕೆಲಸ ಮಾಡಿದವು. ಹಣವಿದ್ದವರ ಮನೆಗೆ ಮಾತ್ರ ಕಾವಲೇ ಎಂಬ ಪ್ರಶ್ನೆಯೂ ಎದ್ದಿತು.

ನಮ್ಮಲ್ಲಿ ಬೆಂಕಿ ನಂದಿಸುವುದು ಅಗ್ನಿಶಾಮಕ ದಳ ಮತ್ತು ಅರಣ್ಯ ಇಲಾಖೆಯ ಹೊಣೆ. ಅದು ಸುಲಭದ ಕೆಲಸವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. 2017ರಲ್ಲಿ ಅದೇ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರ ತಾಲೂಕಿನಲ್ಲಿ, ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಪ್ರಾಣ ತೆತ್ತರು. ಪರಿಣತರಿಗೇ ಹೀಗಾದರೆ, ಬಕೆಟ್ ಹಿಡಿದು ಗುಡ್ಡೆ ಹತ್ತುವ ಮನೆಯ ಯಜಮಾನನ ಪಾಡೇನು?

ಆದ್ದರಿಂದ ಕೂಲಿ ಕೊಟ್ಟು ಕರೆಯಬೇಕಾದುದು ಬೆಂಕಿ ಆರಿಸುವವರನ್ನಲ್ಲ, ಬೆಂಕಿಯ ಉಣಿಸನ್ನು ತೆಗೆಯುವವರನ್ನು. ಯಂತ್ರದಿಂದ ಹುಲ್ಲು ಕತ್ತರಿಸುವವರು, ಮರ ಹತ್ತಿ ಒಣಕೊಂಬೆ ಕಡಿಯುವವರು, ಮಾಡು ಹತ್ತಿ ಹಂಚು ಕೈಯಾಡಿಸುವವರು ಊರಲ್ಲೇ ಸಿಗುತ್ತಾರೆ. ಇವರನ್ನು ಬೇಸಗೆ ಬಲಿಯುವ ಮೊದಲೇ, ಮಕರ ಸಂಕ್ರಾಂತಿಯ ಹೊತ್ತಿಗೇ ಕರೆಸಬೇಕು.

ಕೆಲಸ ಮನೆಯಿಂದ ಹೊರಕ್ಕೆ ಸಾಗಲಿ. ಗೋಡೆಯಿಂದ ಒಂದೂವರೆ ಮೀಟರಿನೊಳಗೆ ಉರಿಯುವ ವಸ್ತು ಏನೂ ಇರಬಾರದು. ಹತ್ತು ಮೀಟರಿನೊಳಗೆ ಒಣಹುಲ್ಲು, ತರಗೆಲೆ ಬೇಡ. ಸೌದೆ, ಕುತ್ರಿ ಅದರಾಚೆ ಇರಲಿ. ಮೂವತ್ತು ಮೀಟರಿನವರೆಗೆ ಪೊದೆಗಳನ್ನು ತೆಳುವಾಗಿಸಿ, ಮರದ ಕೆಳಗಿನ ಕೊಂಬೆಗಳನ್ನು ಸವರಬೇಕು. ಇಳಿಜಾರಿನ ಕೆಳಬದಿಗೆ ಇನ್ನಷ್ಟು ದೂರ ಬೇಕು. ಏಕೆಂಬುದನ್ನು ಬೆಂಕಿಕಡ್ಡಿ ಹೇಳಿದೆ! ಮರಗಳನ್ನೆಲ್ಲ ಕಡಿದು ಬೋಳುಮಾಡಬೇಕಿಲ್ಲ. ಹಸಿರು ಮರದ ನೆರಳು ನೆಲದ ತೇವವನ್ನು ಕಾಯುತ್ತದೆ. ಕತ್ತರಿಸಿದ ಕಸವನ್ನು ಸುಡುವ ಬದಲು ತೆಂಗಿನ ಬುಡಕ್ಕೆ ಮುಚ್ಚಿಗೆಯಾಗಿ ಹಾಕಬಹುದು. ಆ ತೆಂಗು ಮನೆಯಿಂದ ದೂರವಿರಲಿ.

ಕೆಲವು ಕೆಲಸಗಳನ್ನು ಮಾತ್ರ ಕೂಲಿಯವರಿಂದ ಮಾಡಿಸಕೂಡದು. ವಿದ್ಯುತ್ ತಂತಿಗೆ ತಾಗುವ ಕೊಂಬೆ, ಮಡಲುಗಳ ವಿಷಯವನ್ನು ಮೆಸ್ಕಾಂಗೆ ತಿಳಿಸಬೇಕು. ಬರುವ ಬೆಂಕಿಗೆ ಎದುರು ಬೆಂಕಿ ಕೊಡುವ ವಿದ್ಯೆ ಅರಣ್ಯ ಸಿಬ್ಬಂದಿಗೇ ಇರಲಿ. ಗಾಳಿ ತಿರುಗಿದರೆ ಅದು ಕೊಟ್ಟವನನ್ನೇ ಸುಡುತ್ತದೆ. ಮನೆಯ ಹಿಂದೆ ಅರಣ್ಯ ಇಲಾಖೆಯ ಜಾಗವಿದ್ದರೆ, ಅಲ್ಲಿ ಕತ್ತಿ ಹಾಕುವ ಮೊದಲು ವಲಯ ಕಚೇರಿಗೆ ಬರೆದುಕೊಡುವುದು ಒಳ್ಳೆಯದು. ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಗಳಿಂದ ಬೆಂಕಿಯ ಸ್ಥಳ ಗುರುತಿಸಿ ಇಲಾಖೆಗಳಿಗೆ ಸೂಚನೆ ಕಳಿಸುತ್ತದೆ. ಆದರೆ ಉಪಗ್ರಹ ನಿಮ್ಮ ಹಿತ್ತಲನ್ನು ಗುಡಿಸುವುದಿಲ್ಲ!

ಪಾಗಾರದಾಚೆ

ಒಂದು ಮಾತು ಉಳಿಯಿತು. ಬೆಂಕಿಗೆ ಪಾಗಾರ ಕಾಣುವುದಿಲ್ಲ. ನಿಮ್ಮ ಹಿತ್ತಲು ಎಷ್ಟೇ ಚೊಕ್ಕಟವಾಗಿದ್ದರೂ, ನೆರೆಯ ಬೀಗ ಹಾಕಿದ ಮನೆಯ ಹಾಡಿ ಒಣಗಿ ನಿಂತಿದ್ದರೆ ಕಿಡಿ ಅಲ್ಲಿಂದಲೇ ಹಾರುತ್ತದೆ. ಆದ್ದರಿಂದ ನಾಲ್ಕಾರು ಮನೆಯವರು ಸೇರಿ ಒಂದೇ ತಂಡವನ್ನು ಕರೆಸಿದರೆ ಖರ್ಚೂ ಹಂಚಿಹೋಗುತ್ತದೆ, ಕಾವಲೂ ಗಟ್ಟಿಯಾಗುತ್ತದೆ. ಅಗ್ನಿಶಾಮಕ ವಾಹನ ಒಳಬರುವಷ್ಟು ಓಣಿ ಅಗಲವಿದೆಯೇ, ಬಾವಿಯ ಪಂಪಿಗೆ ಅಂಗಳ ಮುಟ್ಟುವಷ್ಟು ಪೈಪು ಇದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಬಹುದು. ಹೊಗೆ ಕಂಡೊಡನೆ 101 ಅಥವಾ 112ಕ್ಕೆ ಕರೆ ಮಾಡಬೇಕು. ವೃದ್ಧರನ್ನೂ ಮಕ್ಕಳನ್ನೂ ಬೈಲಿನತ್ತ ಇಳಿಸಬೇಕು. ದನಗಳ ಹಗ್ಗ ಬಿಚ್ಚಬೇಕು.

ಪರವೂರಿನಲ್ಲಿರುವ ಮಕ್ಕಳು ತಿಂಗಳು ತಿಂಗಳು ತಂದೆತಾಯಿಗೆ ಔಷಧಿಯ ಹಣ ಕಳಿಸುತ್ತಾರೆ. ಜನವರಿಯ ಹಣದಲ್ಲಿ ಎರಡು ಆಳಿನ ಎರಡು ದಿನದ ಕೂಲಿಯೂ ಸೇರಿರಲಿ. ಇನ್ನು ಊರಲ್ಲೇ ಇರುವ ವಿದ್ಯಾರ್ಥಿಗಳು ಅಳತೆಯ ಟೇಪು ಹಿಡಿದು, ಗೋಡೆಯಿಂದ ಸೌದೆರಾಶಿ ಎಷ್ಟು ದೂರವಿದೆ ಎಂದು ಅಳೆದು ನೋಡಲಿ. ಆ ಲೆಕ್ಕವನ್ನು ಮೊದಲು ಅಜ್ಜ ಅಜ್ಜಿಗೆ ಒಪ್ಪಿಸಲಿ.