ಬೆಲ್ಲದ ಊರಲ್ಲಿ ಇದೆಂಥ ಕಹಿ?

ಮಳವಳ್ಳಿ ಕಡೆಯವನಾದ ನನಗೆ ಆಲೆಮನೆ ಅಂದ್ರೆ ಬಾಲ್ಯ. ರಜೆಯಲ್ಲಿ ಗೆಳೆಯರ ಜೊತೆ ಹೋಗಿ ಕಬ್ಬಿನ ಹಾಲು ಕುಡಿದು, ಬಿಸಿ ಬೆಲ್ಲ ತಿಂದ ರುಚಿ ಇನ್ನೂ ನಾಲಿಗೆ ಮೇಲಿದೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದ ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ಜನರಿಗೆ ಈ ನೆನಪಿದೆ.

ಅದಕ್ಕೇ 2023ರ ನವೆಂಬರ್‌ನಲ್ಲಿ ಆ ಸುದ್ದಿ ಓದಿ ಹೊಟ್ಟೆ ತೊಳಸಿದಂತಾಯಿತು. ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲೇ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು, ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತಿದ್ದರಂತೆ. ಹೆಣ್ಣಾದರೆ ಗರ್ಭಪಾತ. ಜಾಲ ಭೇದಿಸಿದ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಆಗ ಹೇಳಿದ ಲೆಕ್ಕ, ಸುಮಾರು 900 ಭ್ರೂಣಹತ್ಯೆ!

ಅದೇ ವರ್ಷ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ.ದೊಡ್ಡಿಯಿಂದ ಮದುವೆಯಾಗದ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಿದ್ದರು. ವಾಟ್ಸಾಪ್‌ನಲ್ಲಿ ಅದೊಂದು ಜೋಕ್ ಆಯಿತು. ನಾನೂ ಫಾರ್ವರ್ಡ್ ಮಾಡಿ ನಕ್ಕಿದ್ದೆ. ನಿಜ, ರೈತ ಹುಡುಗರಿಗೆ ಹೆಣ್ಣು ಸಿಗದಿರಲು ಬೆಳೆಗೆ ಸಿಗದ ಬೆಲೆ, ಸಿಟಿಯ ಸೆಳೆತ, ಹೀಗೆ ಬೇರೆ ಕಾರಣಗಳೂ ಇವೆ. ಆದರೆ ಮಗಳು ಬೇಡ, ಸೊಸೆ ಮಾತ್ರ ಬೇಕು ಅಂದರೆ ಹೇಗೆ? ಅಷ್ಟಕ್ಕೂ ಹೆಣ್ಣು ಮಗು ಹುಟ್ಟಬೇಕಾದ್ದು ಯಾರದೋ ಮನೆಗೆ ಸೊಸೆಯಾಗಲಿ ಅಂತಲ್ಲ. ಅವಳ ಬದುಕು ಅವಳದು.

ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲೇ ಕಾನೂನು ಬಂದಿದೆ. ಶಿಕ್ಷೆ ವೈದ್ಯರಿಗಷ್ಟೇ ಅಲ್ಲ. ಪತ್ತೆ ಮಾಡಿಸಲು ಹೋಗುವ ಗಂಡ, ಸಂಬಂಧಿಕರಿಗೆ ಮೊದಲ ತಪ್ಪಿಗೇ 3 ವರ್ಷದವರೆಗೆ ಜೈಲು, 50 ಸಾವಿರ ರೂಪಾಯಿವರೆಗೆ ದಂಡ. ಗರ್ಭಿಣಿಯನ್ನು ಮನೆಯವರೇ ಬಲವಂತ ಮಾಡಿರುತ್ತಾರೆ ಎಂದು ಕಾನೂನೇ ಭಾವಿಸುತ್ತದೆ. ಕಾನೂನು ಬರೆದವರಿಗೆ ನಮ್ಮ ಮನೆಗಳ ಕಥೆ ಚೆನ್ನಾಗಿಯೇ ಗೊತ್ತಿತ್ತು!

ಸುದ್ದಿ ಓದಿ ಅಪರಾಧಿಗಳನ್ನು ಬೈಯುವುದು ಸುಲಭ. ನನ್ನ ಮಾತು ಹೇಳ್ತೀನಿ ಕೇಳಿ. ನಮಗೆ ಮಗಳು ಹುಟ್ಟಿದಾಗ ಊರಿಂದ ಬಂದ ಹಿರಿಯರೊಬ್ಬರು, "ಹೋಗ್ಲಿ ಬಿಡಪ್ಪ, ಮುಂದಿನ್ದು ಗಂಡಾಯ್ತದೆ" ಅಂದರು. ಬಿ.ಇ. ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಏನು ಮಾಡಿದೆ ಗೊತ್ತಾ? ನಕ್ಕು ತಲೆಯಾಡಿಸಿದೆ. ಹೆಂಡತಿ ಏನೂ ಅನ್ನದೆ ಗೋಡೆ ಕಡೆ ತಿರುಗಿ ಮಲಗಿದಳು. ಅವರು ಕೆಟ್ಟವರಲ್ಲ, ಮಗುವಿಗೆ ಬೆಳ್ಳಿ ಕಡಗ ತಂದಿದ್ದರು. ಆದರೆ "ಹೋಗ್ಲಿ ಬಿಡು" ಅನ್ನುವ ಆ ಮಾತಿಗೂ, ಆಲೆಮನೆಯ ಆ ಯಂತ್ರಕ್ಕೂ ಸಂಬಂಧ ಇಲ್ಲ ಅಂತ ಹೇಳಲು ನನಗೆ ಧೈರ್ಯ ಸಾಲದು. ನಮ್ಮಂಥವರು ನಕ್ಕು ಸುಮ್ಮನಾಗುವುದರಿಂದಲೇ ಅಂಥ ದಂಧೆಗೆ ಗಿರಾಕಿಗಳು ಸಿಗುವುದು.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅದೇ ಮಾತು ಮತ್ತೆ ಬಂತು. ಈ ಸಲ ನಗಲಿಲ್ಲ. "ನಮಗೆ ಇವಳೇ ಸಾಕು" ಅಂದೆ. ಒಂದು ಕ್ಷಣ ಮನೆಯೆಲ್ಲ ಮೌನ. ಆಮೇಲೆ ಅಮ್ಮ ಎದ್ದು ಮೊಮ್ಮಗಳ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟರು.

ಸಮಾಜ ತಿದ್ದುವಷ್ಟು ದೊಡ್ಡವನಲ್ಲ ನಾನು. ಆದರೆ ನಮ್ಮ ನಮ್ಮ ಮನೆಯಲ್ಲಿ ಇಷ್ಟನ್ನಾದರೂ ಹೇಳಬಹುದಲ್ವಾ?