ಕೆಮ್ಮಿನ ಸಿರಪ್, ಜಿಮ್ಮಿನ ಇಂಜೆಕ್ಷನ್, ಜಾತ್ರೆಯ ಗಾಂಜಾ: ಕಾಲೇಜು ಆಟಗಾರರ ಡೋಪ್ ಟೆಸ್ಟ್ ಬಗ್ಗೆ ಹರಡುವ ಮಾತುಗಳಲ್ಲಿ ನಿಜ ಎಷ್ಟು?

“ಟೂರ್ನಮೆಂಟಿಗೆ ಎರಡು ದಿನ ಮುಂಚೆ ಬಿಟ್ಟರೆ ಸಾಕು, ಟೆಸ್ಟ್‌ನಾಗ ಏನೂ ಸಿಗಂಗಿಲ್ಲ.” “ಆಯುರ್ವೇದ ಪುಡಿ ತಾನೆ, ಅದಕ್ಕೆ ಡೋಪಿಂಗ್ ಅನ್ನಲ್ಲ.” “ಹೊಟ್ಟೆ ತುಂಬ ಲಿಂಬೆ ನೀರು ಕುಡಿ, ಎಲ್ಲಾ ತೊಳ್ಕೊಂಡು ಹೋಗ್ತದ.” “ನಮ್ಮಂಥ ಕಾಲೇಜ್ ಹುಡುಗರನ್ನ ಯಾರ್ ಟೆಸ್ಟ್ ಮಾಡ್ತಾರ ಬಿಡೋ.”

ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಕಬಡ್ಡಿ, ಕುಸ್ತಿ, ಓಟ ಅಂತ ಬೆವರು ಹರಿಸುವ ಹುಡುಗ ಹುಡುಗಿಯರ ಕಿವಿಗೆ ಇಂಥ ಮಾತು ಬೀಳುತ್ತಲೇ ಇರುತ್ತವೆ. ಮೈದಾನದಲ್ಲಿ ಸೀನಿಯರ್ ಹೇಳುತ್ತಾನೆ, ಜಿಮ್ಮಿನಲ್ಲಿ ಟ್ರೇನರ್ ಹೇಳುತ್ತಾನೆ, ರಾತ್ರಿ ಅದೇ ಮಾತು ತಂಡದ ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ನಾಲ್ಕೂ ತಪ್ಪು. ಕೊನೆಯದರಿಂದ ಶುರು ಮಾಡೋಣ, ಯಾಕೆಂದರೆ ಉಳಿದ ಮೂರನ್ನು ನಂಬುವ ಧೈರ್ಯ ಬರುವುದೇ ಅದರಿಂದ.

ಕಾಲೇಜು ಆಟಗಾರರನ್ನು ಟೆಸ್ಟ್ ಮಾಡುತ್ತಾರೆಯೇ?

ಮಾಡುತ್ತಾರೆ. ಭಾರತದಲ್ಲಿ ಈ ಕೆಲಸ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕದ್ದು, ಎಲ್ಲರೂ ಕರೆಯುವುದು ‘ನಾಡಾ’ ಅಂತ. 2005ರಲ್ಲಿ ಶುರುವಾದ ಈ ಸಂಸ್ಥೆಗೆ 2022ರ ಕಾಯ್ದೆಯಿಂದ ಕಾನೂನಿನ ಬಲವೂ ಬಂದಿದೆ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ನಾಡಾದವರು ಬಾಟಲಿ ಹಿಡಿದು ಬರುವ ಸಾಧ್ಯತೆ ಕಡಿಮೆ, ಅದನ್ನು ಒಪ್ಪೋಣ. ಆದರೆ ಚೆನ್ನಾಗಿ ಆಡುವವರು ತಾಲ್ಲೂಕಿನಲ್ಲೇ ಉಳಿಯುವುದಿಲ್ಲವಲ್ಲ. ಅಂತರ ಕಾಲೇಜು ಪಂದ್ಯದಿಂದ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟಕ್ಕೆ, ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ಗೆ ಹೋಗುತ್ತಾರೆ. ಈ ಗೇಮ್ಸ್ 2022ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಅಂಥ ಕಡೆ ಪದಕ ಗೆದ್ದವರನ್ನು ಕರೆಯಬಹುದು, ಸೋತವರನ್ನೂ ಕರೆಯಬಹುದು.

2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟದಲ್ಲಿ ಆದದ್ದು ನೆನಪಿರಬಹುದು. ಕ್ರೀಡಾಂಗಣದ ಶೌಚಾಲಯದಲ್ಲಿ ಬಿದ್ದಿದ್ದ ಸಿರಿಂಜ್‌ಗಳ ವಿಡಿಯೊ ಹರಿದಾಡಿತು. ನಾಡಾದವರು ಬಂದಿದ್ದಾರೆ ಅಂತ ಗೊತ್ತಾದ ಮೇಲೆ ಪುರುಷರ 100 ಮೀಟರ್ ಫೈನಲ್‌ಗೆ ಒಬ್ಬನೇ ಒಬ್ಬ ಓಟಗಾರ ಉಳಿದ. ಈ ವಿಡಿಯೊ ಫಾರ್ವರ್ಡ್ ಮಾಡಿ ನಕ್ಕವರು ಬಹಳ. ನಗುವ ವಿಷಯವಲ್ಲ ಅದು. ವಿಶ್ವ ಸಂಸ್ಥೆ ‘ವಾಡಾ’ದ 2023ರ ಲೆಕ್ಕದಂತೆ ಭಾರತದಲ್ಲಿ ಪರೀಕ್ಷಿಸಿದ 5,606 ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ಮದ್ದು ಸಿಕ್ಕಿದೆ, ಅಂದರೆ ಶೇ 3.8. ಆ ವರ್ಷ 5,000ಕ್ಕಿಂತ ಹೆಚ್ಚು ಪರೀಕ್ಷೆ ಮಾಡಿದ ದೇಶಗಳಲ್ಲಿ ಇದೇ ಅತಿ ಹೆಚ್ಚು.

ಆಯುರ್ವೇದ, ಗಿಡಮೂಲಿಕೆ ಆದರೆ ಪರವಾಗಿಲ್ಲವೇ?

ಇದಕ್ಕೆ ಕರ್ನಾಟಕದ ಉದಾಹರಣೆಯೇ ಇದೆ. ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ಇಡೀ ದೇಶದ ಕಣ್ಮಣಿ. ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿ ಚಿನ್ನ, ಅದೇ ವರ್ಷ ಚೀನಾದ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇ ಎರಡರಲ್ಲೂ ಚಿನ್ನ. ಮರುವರ್ಷವೇ ಅವರನ್ನೂ ಸೇರಿಸಿ ಆರು ಓಟಗಾರ್ತಿಯರ ಮೂತ್ರದ ಮಾದರಿಯಲ್ಲಿ ಅನಬಾಲಿಕ್ ಸ್ಟೀರಾಯ್ಡ್ ಪತ್ತೆಯಾಯಿತು. ತಂಡದ ವಿದೇಶಿ ಕೋಚ್ ಚೀನಾದಿಂದ ತರಿಸಿ ಕೊಟ್ಟ ಜಿನ್ಸೆಂಗ್‌ನಲ್ಲಿ ಅದು ಸೇರಿತ್ತು ಎಂಬುದು ಆಟಗಾರ್ತಿಯರ ವಾದ. ಜಿನ್ಸೆಂಗ್ ಅಂದರೆ ಒಂದು ಬೇರು, ನಮ್ಮ ಅಶ್ವಗಂಧದ ಹಾಗೆ ಶಕ್ತಿಗೆ ಅಂತ ತಿನ್ನುವಂಥದ್ದು. ದೇಶದೊಳಗಿನ ಶಿಸ್ತು ಸಮಿತಿ ಒಂದು ವರ್ಷದ ನಿಷೇಧ ಹೇರಿತು. ಮೇಲ್ಮನವಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋಯಿತು, 2012ರ ಜುಲೈನಲ್ಲಿ ಅದು ಎರಡು ವರ್ಷವಾಯಿತು. ಲಂಡನ್ ಒಲಿಂಪಿಕ್ಸ್ ಬಾಗಿಲಲ್ಲೇ ತಪ್ಪಿಹೋಯಿತು.

ಕೋಚ್ ಕೊಟ್ಟಿದ್ದು ಅನ್ನುವ ಮಾತು ಅವರನ್ನು ಪೂರ್ತಿ ಉಳಿಸಲಿಲ್ಲ. ಡೋಪಿಂಗ್ ನಿಯಮದ ಜೀವಾಳ ಇದೇ. ನಿಮ್ಮ ದೇಹದಲ್ಲಿ ಮದ್ದು ಸಿಕ್ಕರೆ ಅದರ ಹೊಣೆ ನಿಮ್ಮದು. ಯಾರು ಕೊಟ್ಟರು, ಯಾಕೆ ಕೊಟ್ಟರು, ಗೊತ್ತಿತ್ತೋ ಇಲ್ಲವೋ ಎಂಬುದೆಲ್ಲ ಶಿಕ್ಷೆ ಎಷ್ಟು ಅಂತ ಲೆಕ್ಕ ಹಾಕುವಾಗ ಬರುವ ಮಾತು. ಸ್ಟೀರಾಯ್ಡ್‌ನಂಥ ಮದ್ದಿಗೆ ಈಗ ಸಾಮಾನ್ಯ ಶಿಕ್ಷೆ ನಾಲ್ಕು ವರ್ಷ. 20 ವರ್ಷದ ಆಟಗಾರನಿಗೆ ನಾಲ್ಕು ವರ್ಷ ಅಂದರೆ ಕಾಲೇಜಿನ ಆಟವೇ ಮುಗಿದಂತೆ, ಅದರ ಜೊತೆ ಕ್ರೀಡಾ ಕೋಟಾದ ನೌಕರಿಯ ಆಸೆಯೂ.

ಹಾಗಂತ ಅಶ್ವಗಂಧ ನಿಷೇಧಿತವೇ? ಅಲ್ಲ. ಹಾಲಿನಿಂದ ಮಾಡುವ ವೇ ಪ್ರೋಟೀನ್, ಕ್ರಿಯಾಟಿನ್ ಕೂಡ ನಿಷೇಧಿತವಲ್ಲ. ಸಮಸ್ಯೆ ಇರುವುದು ಲೇಬಲ್ಲಿನಲ್ಲಿ ಬರೆಯದೆ ಬೆರೆಸುವುದರಲ್ಲಿ. ಹದಿನೈದು ದಿನದಲ್ಲಿ ಮೈ ಕಟ್ಟಿಸುವ ‘ಶುದ್ಧ ಗಿಡಮೂಲಿಕೆ’ ಪುಡಿ ಎಲ್ಲಾದರೂ ಕಂಡರೆ, ಅಷ್ಟು ಬೇಗ ಕೆಲಸ ಮಾಡುತ್ತಿರುವುದು ಗಿಡವೋ ಅದರೊಳಗಿನ ಸ್ಟೀರಾಯ್ಡೋ ಅಂತ ಕೇಳಿಕೊಳ್ಳಿ.

ಮೆಡಿಕಲ್ ಶಾಪಿನ ಸಿರಪ್, ಆರ್‌ಎಂಪಿ ಡಾಕ್ಟರ ಸೂಜಿ

ನಮಗೆ ಹೆಚ್ಚು ಚಿಂತೆ ಹುಟ್ಟಿಸುವುದು ಈ ಭಾಗ. ಮೋಸ ಮಾಡಲೇಬೇಕು ಅಂತ ಹೊರಟವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿರುತ್ತದೆ. ಕೆಮ್ಮಿಗೆ ಸಿರಪ್ ಕುಡಿದವರಿಗೆ ಗೊತ್ತಿರುವುದಿಲ್ಲ.

ಕ್ರಿಕೆಟಿಗ ಪೃಥ್ವಿ ಶಾ 2019ರಲ್ಲಿ, ಇನ್ನೂ 19ರ ವಯಸ್ಸಿನಲ್ಲಿ, ಎಂಟು ತಿಂಗಳ ನಿಷೇಧಕ್ಕೆ ಒಳಗಾಗಿದ್ದು ಟರ್ಬ್ಯುಟಲಿನ್ ಎಂಬ ಮದ್ದಿನಿಂದ. ಇಂದೋರ್‌ನಲ್ಲಿ ಪಂದ್ಯದ ವೇಳೆ ಕೊಟ್ಟ ಮಾದರಿಯಲ್ಲಿ ಅದು ಸಿಕ್ಕಿತ್ತು. ಕೆಮ್ಮಿಗೆ ಸಿರಪ್ ಕುಡಿದಿದ್ದೆ ಅಂತ ಅವರು ಹೇಳಿದರು, ಕ್ರಿಕೆಟ್ ಮಂಡಳಿ ಆ ವಿವರಣೆ ಒಪ್ಪಿತು, ಆದರೂ ನಿಷೇಧ ತಪ್ಪಲಿಲ್ಲ. ಈ ಟರ್ಬ್ಯುಟಲಿನ್ ಯಾವುದೋ ಅಪರೂಪದ ವಸ್ತುವಲ್ಲ. ಕಫ ಕರಗಿಸುವ ಎಷ್ಟೋ ಸಿರಪ್‌ಗಳ ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಇದರ ಹೆಸರಿರುತ್ತದೆ.

ಹಳ್ಳಿ ಕಡೆ ಇನ್ನೆರಡು ರೂಢಿ ಇವೆ. ಮೊಣಕಾಲು ನೋವು, ಜ್ವರ ಅಂದ ಕೂಡಲೇ ಕೊಡುವ ಸೂಜಿಯಲ್ಲಿ ಬಹಳ ಸಲ ಡೆಕ್ಸಾಮೆಥಾಸೋನ್ ಇರುತ್ತದೆ. ಇದೂ ಒಂದು ಬಗೆಯ ಸ್ಟೀರಾಯ್ಡ್. ಮೈ ಕಟ್ಟಿಸುವ ಜಾತಿಯದ್ದಲ್ಲ, ಆದರೆ ಇಂಜೆಕ್ಷನ್ ರೂಪದಲ್ಲಿ ಸ್ಪರ್ಧೆಯ ವೇಳೆ ನಿಷೇಧಿತ. ಎರಡನೆಯದು ಸಲೈನ್. ಪಂದ್ಯಕ್ಕೆ ಮುಂಚೆ ಸುಸ್ತು ಅಂತ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಹಚ್ಚಿಸಿಕೊಂಡು ಬರುವವರಿದ್ದಾರೆ. 12 ಗಂಟೆಯೊಳಗೆ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವವನ್ನು ನರದ ಮೂಲಕ ಏರಿಸಿಕೊಳ್ಳುವುದು ನಿಷೇಧಿತ, ಅದರಲ್ಲಿ ಬರೀ ಗ್ಲೂಕೋಸ್ ಇದ್ದರೂ ಸರಿ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆಗೆ ಹಚ್ಚಿದ್ದಕ್ಕೆ ಮಾತ್ರ ರಿಯಾಯಿತಿ. ಒಆರ್‌ಎಸ್ ಕುಡಿಯುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಯಾದಗಿರಿಯ ಬಿಸಿಲಿಗೆ ಅದೇ ಒಳ್ಳೆಯದು.

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಿಷೇಧಿತವಲ್ಲ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಮಾತ್ರ 2024ರ ಜನವರಿ 1ರಿಂದ ಸ್ಪರ್ಧೆಯ ವೇಳೆ ನಿಷೇಧಿತ. ಆಸ್ತಮಾ ಇದ್ದವರು ಸಾಲ್ಬ್ಯುಟಮಾಲ್ ಇನ್ಹೇಲರ್ ನಿಗದಿತ ಮಿತಿಯೊಳಗೆ ಬಳಸಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ನಾಡಾಕ್ಕೆ ಅರ್ಜಿ ಹಾಕಿ ಚಿಕಿತ್ಸೆಯ ವಿನಾಯಿತಿ ಪಡೆಯಬೇಕು. ಡೋಪ್ ಟೆಸ್ಟ್ ಹೆದರಿಕೆಗೆ ಯಾರೂ ಇನ್ಸುಲಿನ್ ಬಿಡಬಾರದು, ಬಿಟ್ಟರೆ ಜೀವಕ್ಕೇ ಅಪಾಯ.

ಇದೆಲ್ಲ ನೆನಪಿಡುವುದು ಕಷ್ಟ ಅನ್ನಿಸಿದರೆ ಅದು ಸಹಜ. ದೊಡ್ಡ ತಂಡಗಳಿಗೆ ಇದನ್ನು ನೋಡಿಕೊಳ್ಳಲು ಡಾಕ್ಟರ್ ಇರುತ್ತಾರೆ. ಸುರಪುರದ ಕಬಡ್ಡಿ ಹುಡುಗಿಗೆ ಇರುವುದು ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪ್. ನಿಯಮ ಮಾತ್ರ ಇಬ್ಬರಿಗೂ ಒಂದೇ. ಇದು ನ್ಯಾಯವಲ್ಲ ಎಂಬುದು ನಮ್ಮ ಅಭಿಪ್ರಾಯ, ಆದರೆ ಪರೀಕ್ಷೆಗೆ ಕೂತಾಗ ಆ ಅಭಿಪ್ರಾಯ ಉಪಯೋಗಕ್ಕೆ ಬರುವುದಿಲ್ಲ. ಸದ್ಯಕ್ಕೆ ಕೈಗೆ ಸಿಗುವ ಆಸರೆ ಎಂದರೆ ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್. ಔಷಧದ ಹೆಸರು ಹಾಕಿದರೆ ನಿಷೇಧಿತವೋ ಅಲ್ಲವೋ ಅಂತ ಹೇಳುತ್ತದೆ, ಪುಕ್ಕಟೆ. ಈ ಲೇಖನದ ಬದಲು ಅದರ ಹೆಸರನ್ನೇ ತಂಡದ ಗ್ರೂಪಿಗೆ ಕಳಿಸಿದರೂ ಸಾಕು.

ಓಟಕ್ಕೆ ಮುಂಚೆ ಒಂದು ಇಂಜೆಕ್ಷನ್

ಮೆಫೆಂಟರ್ಮಿನ್ ಎಂಬ ಇಂಜೆಕ್ಷನ್ ಇರುವುದು ಆಪರೇಷನ್ ಥಿಯೇಟರಿಗೆ. ಬೆನ್ನಿಗೆ ಅರಿವಳಿಕೆ ಕೊಟ್ಟಾಗ ರೋಗಿಯ ಬಿಪಿ ಕುಸಿದರೆ ಎತ್ತಲು ಬಳಸುತ್ತಾರೆ. ಅದು ದೇಶದ ಜಿಮ್‌ಗಳಿಗೆ, ಓಟದ ಮೈದಾನಗಳಿಗೆ ಬಂದು ಸೇರಿದೆ. ಚುಚ್ಚಿಕೊಂಡರೆ ದಣಿವು ತಿಳಿಯುವುದಿಲ್ಲ. ದಣಿವು ಇರುವುದಿಲ್ಲ ಅಂತಲ್ಲ, ತಿಳಿಯುವುದಿಲ್ಲ. ಎದೆಬಡಿತ, ಬಿಪಿ ಏರುತ್ತವೆ, ಮೈ ಬಿಸಿಯಾದರೂ ನಿಲ್ಲು ಅಂತ ಹೇಳುವ ಸೂಚನೆ ಮಂಕಾಗುತ್ತದೆ. ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ 1967ರ ಜುಲೈನಲ್ಲಿ ಟೂರ್ ಡಿ ಫ್ರಾನ್ಸ್‌ನ ಬೆಟ್ಟದ ಹಾದಿಯಲ್ಲಿ ಸುಡುಬಿಸಿಲಿನಲ್ಲಿ ಕುಸಿದು ಸತ್ತಾಗ ಅವರ ದೇಹದಲ್ಲಿ ಇದೇ ಗುಂಪಿಗೆ ಸೇರಿದ ಆಂಫೆಟಮಿನ್ ಇತ್ತು. 40 ಡಿಗ್ರಿ ದಾಟುವ ಯಾದಗಿರಿಯ ಏಪ್ರಿಲ್‌ನಲ್ಲಿ 1,600 ಮೀಟರ್ ಓಡುವವರು, ಅದು ಕ್ರೀಡಾಕೂಟಕ್ಕಾಗಲಿ ಪೊಲೀಸ್ ಅಥವಾ ಸೈನ್ಯದ ಭರ್ತಿಗಾಗಲಿ, ಇದನ್ನು ತಿಳಿದಿರಬೇಕು.

ಮೈ ಕಟ್ಟಿಸುವ ಸ್ಟೀರಾಯ್ಡ್‌ಗಳ ಕಥೆ ನಿಧಾನದ್ದು. ಗಂಡಸರಲ್ಲಿ ವೃಷಣ ಕುಗ್ಗುತ್ತದೆ, ವೀರ್ಯಾಣು ಕಡಿಮೆಯಾಗುತ್ತವೆ. ಹೆಣ್ಣುಮಕ್ಕಳಲ್ಲಿ ಧ್ವನಿ ಗಡುಸಾಗುತ್ತದೆ, ನಿಲ್ಲಿಸಿದರೂ ಅದು ಹಿಂದಿನಂತಾಗದೆ ಉಳಿಯಬಹುದು. ಇನ್ನೂ ಬೆಳೆಯುವ ವಯಸ್ಸಿನವರಲ್ಲಿ ಎಲುಬಿನ ಬೆಳವಣಿಗೆ ಬೇಗ ನಿಂತು ಎತ್ತರ ಅಲ್ಲಿಗೇ ಮುಗಿಯಬಹುದು. ಹೃದಯ, ಯಕೃತ್ತು ಎರಡಕ್ಕೂ ಪೆಟ್ಟು. ಒಂದೇ ಸೂಜಿಯನ್ನು ಇಬ್ಬರು ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಬರುವ ದಾರಿಯೂ ತೆರೆಯಿತು.

ಜಾತ್ರೆಯ ಪ್ರಸಾದ ಟೆಸ್ಟ್‌ನಲ್ಲಿ ಬರುತ್ತದೆಯೇ?

ಸುರಪುರ ತಾಲ್ಲೂಕಿನ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವ ಪದ್ಧತಿಯ ಬಗ್ಗೆ 2020ರಲ್ಲಿ ಪತ್ರಿಕೆಗಳು ಬರೆದಿದ್ದವು. ನಂಬಿಕೆಯ ಸರಿ ತಪ್ಪು ತೀರ್ಮಾನಿಸುವುದು ಈ ಲೇಖನದ ಕೆಲಸವಲ್ಲ. ಆಟಗಾರರ ಪ್ರಶ್ನೆಗಷ್ಟೇ ಉತ್ತರ: ಬರುತ್ತದೆ. ಪ್ರಯೋಗಾಲಯಕ್ಕೆ ಪ್ರಸಾದವೂ ಒಂದೇ, ಹಾಸ್ಟೆಲ್ ಹಿಂದೆ ಸೇದಿದ್ದೂ ಒಂದೇ.

ಗಾಂಜಾ ನಿಷೇಧ ಇರುವುದು ಸ್ಪರ್ಧೆಯ ವೇಳೆಗೆ ಮಾತ್ರ, ಮತ್ತು ಆ ‘ವೇಳೆ’ ಶುರುವಾಗುವುದು ಪಂದ್ಯದ ಹಿಂದಿನ ರಾತ್ರಿ 11.59ಕ್ಕೆ. ಹಾಗಾದರೆ ನಾಲ್ಕು ದಿನ ಮೊದಲು ಸೇದಿದರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಕೂರುತ್ತದೆ. ಎಂದೋ ಒಮ್ಮೆ ಸೇದಿದವರಲ್ಲಿ ಕೆಲವು ದಿನ, ರೂಢಿ ಇದ್ದವರಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಕಾಣುತ್ತದೆ. ಸ್ಪರ್ಧೆಯ ಹೊರಗೆ ಸೇದಿದ್ದು, ಆಟಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಸಾಬೀತಾದರೆ ನಿಷೇಧ ಮೂರು ತಿಂಗಳು. ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ ಒಂದೇ ತಿಂಗಳು. ಚಟವನ್ನು ಮೋಸದಂತೆ ಅಲ್ಲ, ಕಾಯಿಲೆಯಂತೆ ನೋಡುವ ಈ ನಿಯಮ 2021ರಿಂದ ಇದೆ, ಒಳ್ಳೆಯ ನಿಯಮ. ಆಟದ ನಿಯಮ ಏನೇ ಇರಲಿ, ಗಾಂಜಾ ಇಟ್ಟುಕೊಳ್ಳುವುದು, ಸೇದುವುದು 1985ರ ಮಾದಕ ವಸ್ತು ಕಾಯ್ದೆಯಡಿ ಅಪರಾಧ.

ಗುಟ್ಕಾ, ಸಾರಾಯಿ? ಎರಡೂ ಈಗ ವಾಡಾ ನಿಷೇಧ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಮೈಗೆ ಒಳ್ಳೆಯದು ಅಂತ ಅರ್ಥವಲ್ಲ. ಗುಟ್ಕಾ ಬಾಯಿ ಕ್ಯಾನ್ಸರಿಗೆ ಕಾರಣ ಎಂಬುದನ್ನು ಹೇಳಲು ಡೋಪ್ ಟೆಸ್ಟ್ ಬೇಕಿಲ್ಲ.

ಲಿಂಬೆ ನೀರು ಕುಡಿದರೆ ತೊಳೆದುಹೋಗುತ್ತದೆಯೇ?

ಇಲ್ಲ. ಮೂತ್ರ ತೀರಾ ನೀರಾಗಿದ್ದರೆ ಅಲ್ಲೇ ಒಂದು ಸಣ್ಣ ಉಪಕರಣದಿಂದ ಗೊತ್ತಾಗುತ್ತದೆ, ಗಟ್ಟಿಯಾಗುವ ತನಕ ಕೂರಿಸಿ ಮತ್ತೆ ಕೇಳುತ್ತಾರೆ. ಇನ್ನು ‘ಎರಡು ದಿನ ಮುಂಚೆ ಬಿಟ್ಟರೆ ಸಾಕು’ ಎಂಬ ಮಾತು. ನ್ಯಾಂಡ್ರೊಲೋನ್‌ನಂಥ ಎಣ್ಣೆ ರೂಪದ ಸ್ಟೀರಾಯ್ಡ್ ಇಂಜೆಕ್ಷನ್‌ನ ಗುರುತು ತಿಂಗಳುಗಟ್ಟಲೆ ಉಳಿಯುತ್ತದೆ. ಮೇಲಾಗಿ ಮಾದರಿಯನ್ನು 10 ವರ್ಷದವರೆಗೆ ಕಾದಿಟ್ಟು ಹೊಸ ವಿಧಾನದಿಂದ ಮತ್ತೆ ಪರೀಕ್ಷಿಸುವ ಅವಕಾಶವಿದೆ. ದೆಹಲಿಯಲ್ಲಿ ಆದಂತೆ ಓಡಿಹೋಗುವುದು? ಟೆಸ್ಟ್‌ಗೆ ಕರೆ ಬಂದ ಮೇಲೆ ತಪ್ಪಿಸಿಕೊಂಡರೆ ಅದೇ ಒಂದು ಅಪರಾಧ, ಅದಕ್ಕೂ ನಾಲ್ಕು ವರ್ಷದವರೆಗೆ ನಿಷೇಧ.

ಕರೆ ಬಂದರೆ

ಬಂದ ಅಧಿಕಾರಿಯ ಗುರುತಿನ ಚೀಟಿ ಕೇಳಿ ನೋಡುವ ಹಕ್ಕು ನಿಮಗಿದೆ. ಕೋಚ್ ಅಥವಾ ಗೆಳತಿಯನ್ನು ಜೊತೆಗೆ ಕರೆದೊಯ್ಯಬಹುದು, 18 ತುಂಬದವರು ಖಂಡಿತ ದೊಡ್ಡವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಮೂತ್ರ ಕೊಡುವಾಗ ಒಬ್ಬರು ನೋಡುತ್ತಿರುತ್ತಾರೆ. ಮುಜುಗರವಾಗುತ್ತದೆ, ನಿಜ, ಆದರೆ ಹೆಣ್ಣುಮಕ್ಕಳಿಗೆ ಹೆಣ್ಣುಮಕ್ಕಳೇ ಇರಬೇಕು. ಕನಿಷ್ಠ 90 ಮಿಲಿಲೀಟರ್ ಬೇಕು. ಅದನ್ನು ‘ಎ’ ಮತ್ತು ‘ಬಿ’ ಅಂತ ಎರಡು ಬಾಟಲಿಗೆ ನೀವೇ ಸುರಿದು ಸೀಲ್ ಮಾಡುತ್ತೀರಿ. ‘ಎ’ಯಲ್ಲಿ ಏನಾದರೂ ಸಿಕ್ಕರೆ ‘ಬಿ’ಯನ್ನೂ ಪರೀಕ್ಷಿಸಿ ಅಂತ ಕೇಳಬಹುದು, ಅದನ್ನು ತೆರೆಯುವಾಗ ಹಾಜರಿರಬಹುದು.

ಮದ್ದನ್ನು ಕೊಟ್ಟವರ ಕಡೆಗೂ ನಿಯಮ ನೋಡುತ್ತದೆ. ಆಟಗಾರರಿಗೆ ನಿಷೇಧಿತ ಮದ್ದು ಕೊಟ್ಟ ಕೋಚ್‌ಗೆ ನಾಲ್ಕು ವರ್ಷದಿಂದ ಆಜೀವ ನಿಷೇಧದವರೆಗೆ ಶಿಕ್ಷೆ ಇದೆ. “ಏನ್ ಆಗಂಗಿಲ್ಲ ತಗೋ ತಮ್ಮಾ” ಅಂತ ಯಾರಾದರೂ ಕೈಗಿಟ್ಟರೆ ಇದು ನೆನಪಿರಲಿ.

ಚಟ ಬಿಡಬೇಕು ಅನ್ನುವವರಿಗೆ 14446 ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ, ಮನಸ್ಸಿನ ಒತ್ತಡಕ್ಕೆ 14416 ಟೆಲಿ ಮಾನಸ್. ಎರಡೂ ಉಚಿತ. ವ್ಯಸನಿಯೊಬ್ಬರು ತಾವಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿಗೊಳಿಸಿದರೆ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮು ಮಾದಕ ವಸ್ತು ಕಾಯ್ದೆಯಲ್ಲೇ ಇದೆ. ಕೇಸ್ ಆದೀತು ಅಂತ ಹೆದರಿ ಕೂತ ಮನೆಯವರಿಗೆ ಇದನ್ನು ತಿಳಿಸಿ.

ಟೆಸ್ಟ್‌ನ ದಿನ ತುಂಬಿಸುವ ಫಾರಂನಲ್ಲಿ ಹಿಂದಿನ ಏಳು ದಿನ ತೆಗೆದುಕೊಂಡ ಔಷಧಗಳನ್ನು ಬರೆಯಲು ಒಂದು ಜಾಗವಿರುತ್ತದೆ. ಸಿರಪ್, ಮಾತ್ರೆ, ಸೂಜಿ, ಪುಡಿ ಎಲ್ಲವನ್ನೂ ಅಲ್ಲಿ ಬರೆಯಿರಿ. ಡಾಕ್ಟರ ಚೀಟಿ, ಮೆಡಿಕಲ್ ಶಾಪಿನ ಬಿಲ್ಲು, ಖಾಲಿ ಬಾಟಲಿ ಇವನ್ನು ಟೂರ್ನಮೆಂಟ್ ಮುಗಿಯುವ ತನಕ ಎಸೆಯಬೇಡಿ.