ಕಡಲಿಲ್ಲದ ತೀರ: ತಲಕಾಡಿನ ಮರಳು

ಬೆಳ್ಳನೆಯ ಮರಳನ್ನೂ ತಿಳಿನೀರನ್ನೂ ಅರಸಿಕೊಂಡು ಲೋಕದ ಪ್ರವಾಸಿಗಳು ಕೆರಿಬಿಯನ್ ಪ್ರದೇಶದ ಬಾರ್ಬಡೋಸ್, ಜಮೈಕಾ ಮೊದಲಾದ ದ್ವೀಪಗಳಿಗೆ ಹೋಗುವುದುಂಟು. ಬನ್ನೂರಿನವರಿಗಾದರೋ ಒಂದು ದಿನದ ಪ್ರಯಾಣದಲ್ಲಿಯೇ ಅಂತಹ ತೀರವೊಂದು ದೊರಕುತ್ತದೆ. ಅಲ್ಲಿ ಅಲೆಗಳಿಲ್ಲ, ಉಪ್ಪುಗಾಳಿಯಿಲ್ಲ, ಉಳಿದುದೆಲ್ಲವೂ ಇದೆ. ಅದೇ ತಲಕಾಡು.

ಬೆಳಗ್ಗೆ ಬನ್ನೂರಿನಿಂದ ಹೊರಟರೆ ಮೊದಲು ಸೋಮನಾಥಪುರವನ್ನು ಕಾಣಬಹುದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಇಲ್ಲಿನ ಕೇಶವ ದೇವಾಲಯವು ಬಳಪದ ಕಲ್ಲಿನದು. ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಮಣಿಯುವ ಈ ಕಲ್ಲು ಗಾಳಿಬಿಸಿಲಿಗೆ ಕ್ರಮೇಣ ಗಟ್ಟಿಯಾಗುತ್ತದೆ. ಮುಂದೆ ತಿರುಮಕೂಡಲು ನರಸೀಪುರದಲ್ಲಿ ಕೊಡಗಿನಿಂದ ಬಂದ ಕಾವೇರಿಯೂ ವಯನಾಡಿನಿಂದ ಬಂದ ಕಬಿನಿಯೂ ಕೂಡುತ್ತವೆ. ಕೂಡಲಿನಲ್ಲಿ ಕೈಕಾಲು ತೊಳೆದು, ಗುಂಜಾ ನರಸಿಂಹಸ್ವಾಮಿಯ ದರ್ಶನ ಮಾಡಿ, ಮಧ್ಯಾಹ್ನಕ್ಕೆ ತಲಕಾಡನ್ನು ಸೇರಬಹುದು.

ಗಂಗರ ರಾಜಧಾನಿಯಾಗಿದ್ದ ಈ ಪಟ್ಟಣವನ್ನು ಮರಳು ನುಂಗಿದ ಕಥೆಯನ್ನೂ ಅಲಮೇಲಮ್ಮನ ಶಾಪವನ್ನೂ ಕೇಳದವರು ವಿರಳ. ಹಳೆಯ ಗೆಜೆಟಿಯರಿನ ಪ್ರಕಾರ ಮರಳದಿಬ್ಬಗಳು ವರ್ಷಕ್ಕೆ 9–10 ಅಡಿಯಂತೆ, ಮುಖ್ಯವಾಗಿ ಮುಂಗಾರಿನ ನೈಋತ್ಯ ಮಾರುತದಲ್ಲಿ, ಊರಿನತ್ತ ಸರಿಯುತ್ತಿದ್ದವು. ಮಾಧವಮಂತ್ರಿಯ ಅಣೆಕಟ್ಟಿನಿಂದ ಹರಿವು ಕುಗ್ಗಿ, ಹೊಳೆಯ ಪಾತ್ರದ ಮರಳು ಬಯಲಾಗಿ ಗಾಳಿಯ ಪಾಲಾಯಿತೆಂಬ ವಿವರಣೆಯನ್ನು ಕೆ. ಎನ್. ಗಣೇಶಯ್ಯನವರು 2007ರಲ್ಲಿ ಮುಂದಿಟ್ಟರು.

ಗಾಳಿ ಬೀಸುವ ದಿನ ದಿಬ್ಬದ ಮೇಲೆ ಕುಳಿತು ನೋಡಿದರೆ ಈ ಕೆಲಸ ಕಣ್ಣಿಗೇ ಕಾಣುತ್ತದೆ. ಮರಳಿನ ಕಣವು ಧೂಳಿನಂತೆ ಆಕಾಶಕ್ಕೇರುವುದಿಲ್ಲ. ಗೇಣುದ್ದ ನೆಗೆದು ಬೀಳುತ್ತದೆ, ಬಿದ್ದಲ್ಲಿ ಇತರ ಕಣಗಳನ್ನು ನೆಗೆಸುತ್ತದೆ. ಹೀಗೆ ದಿಬ್ಬದ ಒಂದು ಮೈ ಸಾವಕಾಶವಾಗಿ ಏರಿ, ಮರೆಯ ಮೈ ಕಡಿದಾಗಿ ಜಾರುತ್ತದೆ. ಒಣಮರಳು ಸುಮಾರು 33 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ನಿಲ್ಲಲಾರದು.

ಮಕ್ಕಳು ಮಾಡಬಹುದಾದ ಪರೀಕ್ಷೆಯೊಂದುಂಟು. ಒಂದು ಹಿಡಿ ಮರಳಿಗೆ ನಿಂಬೆಹಣ್ಣಿನ ರಸವನ್ನು ಹಿಂಡಿರಿ. ಕೆರಿಬಿಯನ್ ತೀರದ ಬಿಳಿಮರಳು ಬಹುಮಟ್ಟಿಗೆ ಹವಳ ಮತ್ತು ಚಿಪ್ಪುಗಳ ಪುಡಿ. ಹವಳವನ್ನು ಕಡಿದು ತಿನ್ನುವ ಗಿಳಿಮೀನುಗಳೂ ಅದನ್ನು ಅರೆದು ಹೊರಹಾಕುತ್ತವೆ. ಅದು ಸುಣ್ಣದ ಕಾರ್ಬನೇಟು; ಹುಳಿ ತಗುಲಿದೊಡನೆ ಗುಳ್ಳೆ ಏಳುತ್ತದೆ. ಕಾವೇರಿಯ ಮರಳಾದರೋ ಬೆಟ್ಟಬಂಡೆಗಳು ಸವೆದು ಉಳಿದ ಬೆಣಚುಕಲ್ಲಿನ ಕಣಗಳು. ನಡುವೆ ಚಿಪ್ಪಿನ ಚೂರಿದ್ದ ಹೊರತು ಅದು ಸುಮ್ಮನಿರುತ್ತದೆ. ಒಂದು ಪ್ರಾಣಿಗಳ ದೇಹದಿಂದ, ಇನ್ನೊಂದು ಬಂಡೆಯ ದೇಹದಿಂದ ಹುಟ್ಟಿದುದು.

ಬಳಿಕ ಹರಿಗೋಲನ್ನೇರಿ ವಿಹರಿಸಬಹುದು. ಆದರೆ ನೀರಿಗಿಳಿಯುವ ಮುನ್ನ ದಿಬ್ಬದ ಪಾಠವನ್ನು ನೆನೆಯಬೇಕು. ನೀರಿನೊಳಗಣ ಮರಳದಂಡೆಯ ಅಂಚೂ ಹೆಚ್ಚುಕಡಿಮೆ ಅಷ್ಟೇ ಕಡಿದಾಗಿ ಇಳಿಯಬಲ್ಲುದು. ಅಂಚಿನಲ್ಲಿ 1 ಮೀಟರು ಆಳದ ನೀರಿನಲ್ಲಿ ನಿಂತವನು 2 ಮೀಟರು ಮುಂದಕ್ಕೆ ಸರಿದರೆ ಆಳ 2.3 ಮೀಟರಿಗೆ ಮುಟ್ಟುತ್ತದೆ. ಎತ್ತರದ ಮನುಷ್ಯನೂ ಮುಳುಗುತ್ತಾನೆ. ಹಿಂದಿರುಗಲು ಕಾಲೂರಿದರೆ ಮರಳು ಅಡಿಯಿಂದ ಜಾರುತ್ತದೆ. ಹೊಳೆ ತಿರುಗುವೆಡೆ ಹೊರಬದಿಯಲ್ಲಿ ಸೆಳೆತ ಬಲವಾಗಿ ಪಾತ್ರ ಆಳವಾಗಿರುತ್ತದೆ. ಮೇಲಿನ ಕನ್ನಂಬಾಡಿ, ಕಬಿನಿ ಅಣೆಕಟ್ಟುಗಳಿಂದ ನೀರು ಬಿಟ್ಟರೆ ಬಿಸಿಲಿನ ದಿನದಲ್ಲಿಯೂ ಹೊಳೆ ಏರಬಹುದು. ಈ ಶಾಂತವಾದ ತೀರದಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ಈಜು ಬಲ್ಲವರೂ ಅವರಲ್ಲಿದ್ದಾರೆ.

ಆದುದರಿಂದ ಊರಿನವರು ತೋರಿದ ಕಡೆಯಲ್ಲಿಯೇ ಮೊಣಕಾಲುದ್ದದ ನೀರಿನಲ್ಲಿ ಮೀಯುವುದು, ಮಕ್ಕಳ ಕೈ ಬಿಡದಿರುವುದು, ಎಚ್ಚರಿಕೆಯ ಫಲಕವನ್ನು ಮನ್ನಿಸುವುದು ಲೇಸು. ಮುಳುಗುತ್ತಿರುವವರನ್ನು ಕಂಡರೆ ಹಾರಿ ಇಳಿಯದೆ, ದಡದಿಂದಲೇ ಹಗ್ಗವನ್ನೋ ಬಿದಿರುಗಳುವನ್ನೋ ನೀಡಿ ಹರಿಗೋಲಿನವರನ್ನು ಕೂಗಬೇಕು.

ಸಂಜೆ ಮರಳು ತಣ್ಣಗಾದಾಗ ವೈದ್ಯೇಶ್ವರನ ಗುಡಿಯ ಕಡೆಯಿಂದ ಹಿಂದಿರುಗುತ್ತ ಬುತ್ತಿಯ ಗಂಟನ್ನು ಕೊಡವಿದರೆ ನಾಲ್ಕು ಕಾಳು ಮರಳು ಉದುರುತ್ತದೆ. ಒಂದು ರಾಜಧಾನಿಯನ್ನು ಹೂಳಿದ್ದು ಆ ಕಾಳುಗಳೇ. ಅವುಗಳ ಸ್ವಭಾವವನ್ನು ಅರಿತು ನಡೆದವರಿಗೆ ತಲಕಾಡು ಸಂತೋಷವನ್ನು ಕೊಟ್ಟು, ಹೋದಷ್ಟೇ ಜನರನ್ನು ಮನೆಗೆ ಕಳುಹಿಸುತ್ತದೆ.